ಎಣ್ಣೆಯ ಜಾಡು

ಹಂಚಿನ ಮನೆಯಲ್ಲಿ ಬಾಳಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಮಳೆಗಾಲದ ರಾತ್ರಿ ನೀರು ಸರಿಯಾಗಿ ಹಾಸಿಗೆಯ ಮೇಲೆಯೇ ತೊಟ್ಟಿಕ್ಕುತ್ತದೆ. ಬೆಳಗಾಗೆದ್ದು ಏಣಿ ಹಾಕಿ ನೋಡಿದರೆ ಹಾಸಿಗೆಯ ನೇರಕ್ಕಿರುವ ಹಂಚು ಗಟ್ಟಿಯಾಗಿಯೇ ಇರುತ್ತದೆ. ಒಡೆದ ಹಂಚು ಎರಡು ಮಾರು ಆಚೆ, ದೇವರ ಕೋಣೆಯ ಮೇಲೆಲ್ಲೋ ಇರುತ್ತದೆ. ನೀರು ರೀಪಿನ ಗುಂಟ ಹರಿದು ಬಂದು, ಗಂಟು ಸಿಕ್ಕಿದಲ್ಲಿ ತಡೆದು, ನಮ್ಮ ತಲೆಯ ಮೇಲೆ ಇಳಿದಿರುತ್ತದೆ. ತೊಟ್ಟು ಬೀಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಯಂತ್ರವಿದ್ಯೆಯ ಚರಿತ್ರೆಯಲ್ಲಿ ಈ ಸಣ್ಣ ಮಾತನ್ನು ಮತ್ತೆ ಮತ್ತೆ ಕಲಿಯಬೇಕಾಗಿ ಬಂದಿದೆ. ನಮ್ಮ ಮನೆಯವರು ಅದನ್ನು ಒಂದು ಲಾರಿಯಿಂದ ಕಲಿತರು. ಆ ಲಾರಿಯ ಕಥೆಯನ್ನೇ ಮೊದಲು ಹೇಳುತ್ತೇನೆ.

1964ರಲ್ಲಿ ನನಗೆ ಹನ್ನೆರಡು ವರ್ಷ. ಹುಬ್ಬಳ್ಳಿಯಲ್ಲಿದ್ದ ನಮ್ಮ ಕಾಕಾ ಸಾಲ ಮಾಡಿ ಒಂದು ಡೀಸೆಲ್ ಲಾರಿ ಕೊಂಡಿದ್ದರು. ಹೋಗುವಾಗ ಅರಳೆಯೋ ಮೆಣಸಿನಕಾಯಿಯೋ ಸಿಕ್ಕಿದ್ದು. ಬರುವಾಗ ಸಾಣಿಕಟ್ಟೆಯ ಉಪ್ಪು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲೆಯ ದಾರಿ. ಇಳಿಯುವುದು ಸುಲಭ, ಉಪ್ಪು ತುಂಬಿಕೊಂಡು ಅದೇ ಘಟ್ಟವನ್ನು ಹತ್ತುವುದರಲ್ಲಿ ಲಾರಿಯ ಯೋಗ್ಯತೆ ತಿಳಿಯುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ಬಾಡಿಗೆ ಇಲ್ಲದೆ ಲಾರಿ ಎರಡು ತಿಂಗಳು ಹಿತ್ತಲಿನ ಬೇವಿನ ಮರದ ಕೆಳಗೆ ನಿಂತಿತ್ತು. ಮಳೆ ಬಿಟ್ಟ ಮೇಲೆ ಮೊದಲ ಸಲ ಹೊರಟಾಗಲೇ ಎಣ್ಣೆ ಕಡಿಮೆ ಬೀಳತೊಡಗಿತು. ಒಂದು ಸಲ ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಎಂಜಿನ್ ಆಯಿಲ್ ಮಾಯ.

ಎರಡನೆಯ ಸಲ ಘಟ್ಟದ ನಡುವೆ ಕ್ಲಚ್ಚು ಜಾರಿತು. ಸೋರಿದ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿತ್ತು. ಎಂಜಿನ್ನು ಅರಚುತ್ತಿದೆ, ಗಾಲಿ ತಿರುಗದು. ತುಂಬಿದ ಲಾರಿ ಹಿಂದಕ್ಕೆ ಸರಿಯಿತು. ಕ್ಲೀನರ್ ಹುಡುಗ ಹಾರಿ ಇಳಿದು ಗಾಲಿಯ ಹಿಂದೆ ಕಲ್ಲು ಕೊಟ್ಟ. ಲಾರಿಯೂ ಡ್ರೈವರನೂ ಉಳಿದದ್ದು ಹಾಗೆ. ಆ ಹುಡುಗ ಕಲಘಟಗಿಯ ಕಡೆಯವನು, ನನಗಿಂತ ಐದಾರು ವರ್ಷ ದೊಡ್ಡವನು.

ಗ್ಯಾರೇಜಿನವರು ನೋಡಿದರು. ಎಂಜಿನ್ನಿನ ಹಿಂಭಾಗದಲ್ಲಿ, ಫ್ಲೈವೀಲಿನ ಕವಚದ ಕೆಳಗಿನ ತೂತಿನಿಂದ ಎಣ್ಣೆ ತೊಟ್ಟಿಕ್ಕಿತ್ತು. ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲು ಹೋಗಿದೆ ಎಂದರು. ಗೇರ್ ಬಾಕ್ಸ್ ಇಳಿಸಿ, ಕ್ಲಚ್ಚು ಬಿಚ್ಚಿ, ಫ್ಲೈವೀಲು ತೆಗೆದು ಹೊಸ ಸೀಲು ಹಾಕಿದರು. ಎಣ್ಣೆ ಮತ್ತೆ ಹೋಯಿತು. ಇನ್ನೊಮ್ಮೆ ಎಲ್ಲವನ್ನೂ ಇಳಿಸಿ ಇನ್ನೊಂದು ಸೀಲು ಹಾಕಿದರು. ಈ ಸಲ ಅಂಗಳದಲ್ಲೇ ಒಂದು ತಾಸು ಎಂಜಿನ್ನು ಓಡಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ ತೋರಿಸಿದರು. ಪತ್ರಿಕೆಯ ಮೇಲೆ ಒಂದು ತೊಟ್ಟೂ ಇಲ್ಲ. ಆದರೆ ಮುಂದಿನ ಪ್ರಯಾಣದಲ್ಲಿ ಮತ್ತೆ ಎರಡು ಲೀಟರ್ ಕಡಿಮೆ. ಎಂಜಿನ್ನು ಒಣಗಿದೆ, ಎಣ್ಣೆ ಮಾತ್ರ ಇಲ್ಲ. ಹಾಗಾದರೆ ಎಣ್ಣೆಗೆ ಕಾಲು ಬಂದಿರಬೇಕು ಎಂದು ಯಾರೋ ನಕ್ಕರು. ಎಣ್ಣೆಯ ಡಬ್ಬಿ ಇರುತ್ತಿದ್ದುದು ಕ್ಲೀನರ್ ಹುಡುಗನ ಕೈಯಲ್ಲಿ. ಅಷ್ಟೇ ಸಾಕಾಯಿತು. ಅಂಕೋಲೆಯಲ್ಲಿ ಮಾರಿಕೊಳ್ಳುತ್ತಾನೆ ಎಂದು ತೀರ್ಮಾನವಾಯಿತು. ಕಾಕಾ ಅವನಿಗೆ ಕೈ ಮಾಡಲಿಲ್ಲ. ಸಂಬಳದ ಬಾಕಿಯನ್ನು ಮುರಿದುಕೊಂಡು ಹೊರಗೆ ಹಾಕಿದರು. ಅವನು ಓಣಿ ದಾಟಿ ಹೋಗುವಾಗ ನಾವು ಹುಡುಗರು ಹಿಂದಿನಿಂದ ಒಂದು ಮಾತು ಕೂಗಿದೆವು. ನನ್ನ ದನಿಯೂ ಅದರಲ್ಲಿತ್ತು.

ಈ ಕಥೆಯನ್ನು ಇಲ್ಲಿ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಕೆಂದರೆ ನಮ್ಮ ಗ್ಯಾರೇಜಿನವರು ಮಾಡಿದ ತಪ್ಪು ಹೊಸದೇನೂ ಅಲ್ಲ. ಅದಕ್ಕೆ ಬಹಳ ದೊಡ್ಡ ಮನುಷ್ಯರ ಮೇಲ್ಪಂಕ್ತಿಯಿದೆ.

ಜೇಮ್ಸ್ ವ್ಯಾಟ್ 1769ರಲ್ಲಿ ತನ್ನ ಉಗಿಯಂತ್ರಕ್ಕೆ ಹಕ್ಕುಪತ್ರ ಪಡೆದನು. ಕಾಗದದ ಮೇಲೆ ಯಂತ್ರ ಸೊಗಸಾಗಿತ್ತು. ಆದರೆ ಸ್ಕಾಟ್ಲೆಂಡಿನ ಕಿನೀಲ್ ಎಂಬಲ್ಲಿ ಕಟ್ಟಿದ ಪ್ರಯೋಗದ ಯಂತ್ರದಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನಿಂದ ಉಗಿ ಸೋರುತ್ತಲೇ ಇತ್ತು. ಸೋರುವಲ್ಲಿ ವ್ಯಾಟ್ ಏನೇನನ್ನು ತುರುಕಲಿಲ್ಲ! ನಾರು, ಎಣ್ಣೆಯಲ್ಲಿ ಅದ್ದಿದ ಬಟ್ಟೆ, ಕಾಗದದ ಮುದ್ದೆ, ಹಳೆಯ ಟೊಪ್ಪಿಗೆಗಳು—ಯಾವುದೂ ನಿಲ್ಲಲಿಲ್ಲ. ತಪ್ಪು ತುರುಕಿದ ವಸ್ತುವಿನಲ್ಲಿ ಇರಲಿಲ್ಲ. ಸಿಲಿಂಡರೇ ನೆಟ್ಟಗೆ ಗುಂಡಗಿರಲಿಲ್ಲ. ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆ ಸಡಿಲ. ಪರಿಹಾರ ಬಂದುದು ಬೇರೊಬ್ಬನಿಂದ. ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಒಡೆಯ 1774ರಲ್ಲಿ ಫಿರಂಗಿಯ ನಳಿಗೆ ಕೊರೆಯುವ ಹೊಸ ಕ್ರಮವೊಂದಕ್ಕೆ ಹಕ್ಕುಪತ್ರ ಪಡೆದಿದ್ದನು. ಮರುವರ್ಷ, ಎರಡು ತುದಿಗಳಲ್ಲಿಯೂ ಆಧಾರವಿರುವ ಗಟ್ಟಿ ದಂಡದಿಂದ ಅವನು ವ್ಯಾಟನ ಸಿಲಿಂಡರನ್ನು ಕೊರೆದುಕೊಟ್ಟನು. ಸೋರಿಕೆ ಹತೋಟಿಗೆ ಬಂದಿತು. ಉಗಿಯ ಯುಗವನ್ನು ಆರು ವರ್ಷ ತಡೆದು ನಿಲ್ಲಿಸಿದವುಗಳಲ್ಲಿ ಒಂದು ಈ ಸೋರಿಕೆ. ಅದನ್ನು ಟೊಪ್ಪಿಗೆಯಿಂದ ಮುಚ್ಚಲು ಹೋದವನು ಸಾಮಾನ್ಯನಲ್ಲ, ಸ್ವತಃ ವ್ಯಾಟ್.

ಇನ್ನು ಡೀಸೆಲ್. ರುಡಾಲ್ಫ್ ಡೀಸೆಲನ ಎಂಜಿನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ 1897ರ ಪರೀಕ್ಷೆಯಲ್ಲಿ ಗೆದ್ದಿತು. ಸುಮಾರು 20 ಅಶ್ವಶಕ್ತಿಯ ಆ ಯಂತ್ರ ಆಳೆತ್ತರವನ್ನು ಮೀರಿದ್ದು. ಲಾರಿಯಲ್ಲಿ ಕೂರಿಸುವ ಮಾತೇ ಇರಲಿಲ್ಲ. ಇದರಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ತಾನಾಗಿಯೇ ಕಾಯುತ್ತದೆ. ಕಾದ ಗಾಳಿಗೆ ಎಣ್ಣೆ ಚಿಮುಕಿಸಿದರೆ ಹೊತ್ತಿಕೊಳ್ಳುತ್ತದೆ. ಜಗತ್ತಿಗೆ ಇಂಥ ಯಂತ್ರವನ್ನು ಕೊಟ್ಟವನು 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾಗಿ ಸಮುದ್ರದ ಪಾಲಾದನು. ಅವನು ಸತ್ತು ಹತ್ತು ವರ್ಷವಾದ ಮೇಲೆ, 1923–24ರಲ್ಲಿ, ಜರ್ಮನಿಯ ಕಾರ್ಖಾನೆಗಳು ಡೀಸೆಲ್ ಲಾರಿಗಳನ್ನು ಹೊರತಂದವು. 1927ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆ ಎಣ್ಣೆ ಚಿಮುಕಿಸುವ ಪಂಪನ್ನು ಹೇರಳವಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ನಿಜವಾಗಿ ರಸ್ತೆಗೆ ಬಂದಿತು. ನಮ್ಮ ದೇಶದಲ್ಲಿ 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಅವರ ಡೀಸೆಲ್ ಲಾರಿಗಳು ಹೊರಟವು. ಅವುಗಳ ಪಂಪಿನ ವಿದ್ಯೆಯಲ್ಲಿ ಬೆಂಗಳೂರಿಗೂ ಪಾಲುಂಟು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬಾಷ್‌ನ ಸಹಯೋಗದಲ್ಲಿ ಆಡುಗೋಡಿಯಲ್ಲಿ ಬೆಳೆದ ಕಥೆ ಬೆಂಗಳೂರಿನವರಿಗೆ ಹೊಸದಲ್ಲ.

ನಮ್ಮ ಕಥೆಗೆ ಬೇಕಾದುದು ಆ ಅದುಮುವಿಕೆಯ ಒಂದು ಪರಿಣಾಮ. ಪಿಸ್ಟನ್ನಿಗೆ ಎಷ್ಟು ಉಂಗುರ ತೊಡಿಸಿದರೂ, ಉರಿದ ಅನಿಲದ ಒಂದು ಪಾಲು ಉಂಗುರಗಳ ಸಂದಿನಿಂದ ನುಸುಳಿ ಕೆಳಗೆ ಎಣ್ಣೆ ತುಂಬಿರುವ ತೊಟ್ಟಿಗೆ ಇಳಿಯುತ್ತದೆ. ಎಂಜಿನ್ನು ಸುಮ್ಮನೆ ನಿಂತು ಓಡುವಾಗ ಇದು ಸ್ವಲ್ಪ. ಭಾರ ಎಳೆದು ಘಟ್ಟ ಹತ್ತುವಾಗ ಬಹಳ. ಈ ಅನಿಲ ಹೊರಗೆ ಹೋಗಲೇಬೇಕು. ಆದ್ದರಿಂದ ಹಳೆಯ ಎಂಜಿನ್ನುಗಳಲ್ಲಿ ಪಕ್ಕದಿಂದ ಕೆಳಕ್ಕೆ ಇಳಿಬಿಟ್ಟ ಒಂದು ಕೊಳವೆ ಇರುತ್ತಿತ್ತು. ಅದು ಎಂಜಿನ್ನಿನ ಮೂಗು. ಈಗಿನ ವಾಹನಗಳಲ್ಲಿ ಈ ಹೊಗೆಯನ್ನು ಬಯಲಿಗೆ ಬಿಡದೆ ಮರಳಿ ಎಂಜಿನ್ನಿಗೇ ಕುಡಿಸುವ ಏರ್ಪಾಡು ಬಂದಿದೆ. ಏರ್ಪಾಡು ಯಾವುದೇ ಇರಲಿ, ಮೂಗು ಕಟ್ಟಿದರೆ ಒಳಗಿನ ಒತ್ತಡ ಏರುತ್ತದೆ. ಏರಿದ ಒತ್ತಡ ಎಣ್ಣೆಯನ್ನು ಎಲ್ಲಿ ದಾರಿ ಸಿಕ್ಕಿದರೆ ಅಲ್ಲಿಂದ ಹೊರಕ್ಕೆ ನೂಕುತ್ತದೆ.

ಈ ದಾರಿಗಳನ್ನು ಮುಚ್ಚುವ ವಿದ್ಯೆಗೂ ದೊಡ್ಡ ಚರಿತ್ರೆಯಿದೆ. ತಿರುಗುತ್ತಿರುವ ಶಾಫ್ಟಿನ ಸುತ್ತ ಎಣ್ಣೆಯನ್ನು ತಡೆಯುವುದೆಂದರೆ ಬಾಗಿಲು ತೆರೆದಿಟ್ಟು ಸೊಳ್ಳೆ ತಡೆದಂತೆ. ಕೆಲವರು ಶಾಫ್ಟಿನ ಮೇಲೆ ತಿರುಪಿನ ಗೆರೆ ಕೊರೆದು, ಹೊರಟ ಎಣ್ಣೆ ತಾನಾಗಿ ಹಿಂದಕ್ಕೆ ಮರಳುವಂತೆ ಮಾಡಿದರು. ಕೆಲವರು ಗ್ರಾಫೈಟ್ ಸವರಿದ ಕಲ್ನಾರಿನ ಹಗ್ಗ ಸುತ್ತಿದರು. ಆ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಎಂಥ ಕಂಟಕವೆಂಬುದು ಈಗ ಎಲ್ಲರಿಗೂ ತಿಳಿದಿದೆ. ಜರ್ಮನಿಯ ವೈನ್‌ಹೈಮಿನಲ್ಲಿದ್ದ ಫ್ರಾಯ್ಡೆನ್‌ಬರ್ಗ್ ಎಂಬ ಚರ್ಮ ಹದ ಮಾಡುವ ಮನೆತನ ಚರ್ಮದ ತುಟಿಯುಳ್ಳ ಉಂಗುರಗಳನ್ನು ಮಾಡಿತು. ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರನ ಹೆಸರಿನಿಂದ ಅವು ಸಿಮ್ಮರ್ ಉಂಗುರಗಳಾದವು. 1930ರ ದಶಕದಲ್ಲಿಯೇ ಚರ್ಮದ ಜಾಗಕ್ಕೆ ಎಣ್ಣೆಗೆ ಕರಗದ ಕೃತಕ ರಬ್ಬರು ಬಂದಿತು. ಅದೇ ಕಾಲದಲ್ಲಿ, 1937ರಲ್ಲಿ, ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಎಪ್ಪತ್ತು ದಾಟಿದ ಮುದುಕ ಒಂದು ಗುಂಡನೆಯ ರಬ್ಬರ್ ಬಳೆಗೆ ಹಕ್ಕುಪತ್ರ ಕೇಳಿದನು. ಇಂದು ಅಡಿಗೆಮನೆಯ ನಲ್ಲಿಯಿಂದ ವಿಮಾನದವರೆಗೆ ಎಲ್ಲೆಲ್ಲಿಯೂ ಇರುವ ಓ-ರಿಂಗ್ ಅದೇ.

ಮುಚ್ಚುವ ವಿದ್ಯೆ ಹೀಗೆ ಬೆಳೆಯಿತು. ಆದರೆ ಸೋರುವ ಜಾಗವನ್ನು ಹುಡುಕುವ ವಿದ್ಯೆಯೇ ಬೇರೆ. ನನಗೆ ಹೆಚ್ಚು ಪ್ರಿಯವಾದದ್ದು ಅದು. ಅದರ ಅತ್ಯಂತ ಸ್ವಾರಸ್ಯದ ಪ್ರಸಂಗ ಯಾವ ಕಾರ್ಖಾನೆಯಲ್ಲಿಯೂ ನಡೆಯಲಿಲ್ಲ, ಒಂದು ನದಿಯಲ್ಲಿ ನಡೆಯಿತು. ದಕ್ಷಿಣ ಜರ್ಮನಿಯ ಇಮ್ಮೆಂಡಿಂಗನ್ ಊರಿನ ಹತ್ತಿರ ಡ್ಯಾನ್ಯೂಬ್ ನದಿಯ ನೀರು ಬೇಸಗೆಯಲ್ಲಿ ನೆಲದೊಳಕ್ಕೆ ಇಂಗಿಹೋಗುತ್ತದೆ. ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ಊಟೆ ಭೋರೆಂದು ಉಕ್ಕುತ್ತದೆ. ಡ್ಯಾನ್ಯೂಬಿನ ದಡದ ಗಿರಣಿಯವರಿಗೂ ಆಖ್ ದಡದ ಕಾರ್ಖಾನೆಯವರಿಗೂ ನೀರಿನ ಜಗಳ. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ನದಿ ಇಂಗುವ ಕಡೆ ಉಪ್ಪನ್ನೂ ಒಂದು ಬಗೆಯ ಕಲ್ಲೆಣ್ಣೆಯನ್ನೂ ಸುರಿಸಿದನು. ಜೊತೆಗೆ 10 ಕಿಲೋಗ್ರಾಂ ಫ್ಲೋರೆಸೀನ್ ಎಂಬ ಬಣ್ಣವನ್ನೂ ಕಲಸಿದನು. ಆ ಬಣ್ಣವನ್ನು ಅಡಾಲ್ಫ್ ಫಾನ್ ಬೇಯರ್ ತಯಾರಿಸಿ ಆಗ ಆರು ವರ್ಷವಾಗಿತ್ತಷ್ಟೆ. ಸುಮಾರು ಅರವತ್ತು ತಾಸಿನ ಮೇಲೆ ಆಖ್ ಊಟೆ ಹಚ್ಚಹಸುರಾಗಿ ಹೊಳೆಯಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಕದ್ದುಮುಚ್ಚಿ ರೈನ್ ನದಿಗೆ ಸೇರುತ್ತಿತ್ತು. ನದಿಯೇ ಸೋರುತ್ತಿತ್ತು, ಬಣ್ಣ ಅದರ ಜಾಡು ಹೇಳಿತು.

ರೈಲ್ವೆ ಕಾರ್ಖಾನೆಗಳಲ್ಲಿ ಇದಕ್ಕಿಂತ ಬಡವರ ಉಪಾಯವೊಂದಿತ್ತು. ಎಂಜಿನ್ನಿನ ಅಚ್ಚು, ಗಾಲಿಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ನೋಡಲು ಅವನ್ನು ಸೀಮೆಎಣ್ಣೆ ಬೆರೆಸಿದ ಎಣ್ಣೆಯಲ್ಲಿ ನೆನೆಹಾಕಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಬಿಳಿ ಬಳಿಯುತ್ತಿದ್ದರು. ಬಿರುಕಿನಲ್ಲಿ ಅಡಗಿದ ಎಣ್ಣೆ ಮೆಲ್ಲನೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತಿತ್ತು. ಮುಂದೆ ಅಮೆರಿಕದ ಸ್ವಿಟ್ಸರ್ ಸೋದರರು ಹೊಳೆಯುವ ಬಣ್ಣಗಳನ್ನು ಈ ಕೆಲಸಕ್ಕೆ ತಂದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಭಾಗಗಳ ಬಿರುಕುಗಳನ್ನು ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದು ನೋಡಿದರು. ಈಗಿನ ಗ್ಯಾರೇಜುಗಳಲ್ಲಿ ಎಂಜಿನ್ ಆಯಿಲಿಗೆ ಅಂಥದೇ ಬಣ್ಣ ಬೆರೆಸಿ, ದೀಪ ಹಿಡಿದು, ಹೊಳೆಯುವ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸುತ್ತಾರೆ. ಡ್ಯಾನ್ಯೂಬಿಗೆ ಹಾಕಿದ ಉಪಾಯವೇ ಲಾರಿಗೆ ಬಂದಿದೆ.

1964ರ ಹುಬ್ಬಳ್ಳಿಯಲ್ಲಿ ನಮಗೆ ಅತಿನೇರಳೆ ದೀಪ ಎಲ್ಲಿಂದ ಬರಬೇಕು? ಆದರೆ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ತೆಗೆದ ಆ ಕಾರ್ಖಾನೆ ಊರಿಗೆ ಅನ್ನವನ್ನು ಮಾತ್ರವಲ್ಲ, ಕೈವಾಡವನ್ನೂ ಕೊಟ್ಟಿತು. ಅಲ್ಲಿಂದ ನಿವೃತ್ತರಾದ ಒಬ್ಬ ಮಿಸ್ತ್ರಿ ನಮ್ಮ ಓಣಿಯ ತುದಿಯಲ್ಲಿದ್ದರು. ಹುಡುಗ ಹೋಗಿ ಮೂರು ವಾರವಾಗಿತ್ತು. ಕಾಕಾ ಈಗ ಎಣ್ಣೆಯ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಎಣ್ಣೆ ಮಾತ್ರ ಮೊದಲಿನಂತೆಯೇ ಹೋಗುತ್ತಿತ್ತು. ಆ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕಾಕಾ ಮಾತಿಲ್ಲದೆ ಕೂತಿರುತ್ತಿದ್ದುದು ನನಗೆ ನೆನಪಿದೆ. ಕೊನೆಗೆ ಒಂದು ದಿನ ಎದ್ದು ಮಿಸ್ತ್ರಿಯವರ ಮನೆಗೆ ಹೋದರು.

ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆಸಿದರು. ವರ್ಷಗಟ್ಟಲೆ ಕಟ್ಟಿದ ಎಣ್ಣೆ ಮಣ್ಣಿನ ಹೆಪ್ಪನ್ನು ಕೆರೆಸಿದರು. ಒಣಗಿದ ಮೇಲೆ ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ಕಟ್ಟಿ, ದೇವರಿಗೆ ಭಂಡಾರ ಹಾರಿಸುವ ಹಾಗೆ ಎಂಜಿನ್ನಿನ ಮೈಗೆಲ್ಲ ತಟ್ಟಿದರು.

ಕಾಕಾ, "ಚಾಲೂ ಮಾಡಿ ನೋಡೂಣೇನ್ರಿ?" ಎಂದರು.

"ಇಲ್ಲಿ ಚಾಲೂ ಮಾಡಿದ್ರ ಏನೂ ಕಾಣೂದಿಲ್ರಿ ಮಾಲಕರ. ಕೂತ ಮನಿಷಾಗ ದಮ್ಮು ಹತ್ತತೈತೇನು? ತುಂಬಿದ ಲಾರಿ ಘಟ್ಟ ಹತ್ತಬೇಕು."

ದೀಪಾವಳಿಯ ರಜೆ. ಹಟ ಮಾಡಿ ನಾನೂ ಲಾರಿ ಹತ್ತಿದೆ. ಉಪ್ಪು ತುಂಬಿಕೊಂಡು ಅರಬೈಲು ಹತ್ತಿ, ಮೇಲೆ ಸಮತಟ್ಟಾದ ಜಾಗದಲ್ಲಿ ಲಾರಿ ನಿಲ್ಲಿಸಿ ಬಾನೆಟ್ ಎತ್ತಿದರು. ಬಿಳಿಯ ಎಂಜಿನ್ನಿನ ಮೇಲೆ ಎಣ್ಣೆ ತನ್ನ ಕೈಬರಹ ಬರೆದಿತ್ತು. ಎಣ್ಣೆ ಅಳೆಯುವ ಕಡ್ಡಿಯ ಬಾಯಲ್ಲಿ ಕಪ್ಪು. ಎಣ್ಣೆ ಹಾಕುವ ಮುಚ್ಚಳದ ಸುತ್ತ ಕಪ್ಪು. ಟ್ಯಾಪೆಟ್ ಕವರಿನ ಅಂಚಿನ ಗುಂಟ ಕಪ್ಪು. ಹಿಂದೆ ಫ್ಲೈವೀಲಿನ ಕೆಳಗಂತೂ ಸರಿಯೇ ಸರಿ. ಡ್ರೈವರ್ ಎದೆಗುಂದಿ, "ಎಲ್ಲಾ ಸೀಲೂ ಹೋಗ್ಯಾವು" ಎಂದ.

ಮಿಸ್ತ್ರಿ ತಲೆಯಾಡಿಸಿದರು. "ಒಂದ ಕಡೆ ಸೋರಿದ್ರ ಆ ಜಾಗದ ತಪ್ಪು. ನಾಕೂ ಕಡೆ ಒಮ್ಮೆಲೇ ಸೋರಿದ್ರ ಅದು ಜಾಗದ ತಪ್ಪಲ್ಲ, ಒಳಗಿನ ಉಸಿರಿನ ತಪ್ಪು."

ಎಂಜಿನ್ನು ಓಡುತ್ತಿರುವಾಗಲೇ ಮುಚ್ಚಳವನ್ನು ಸಡಿಲಿಸಿದರು. ಬುಸ್ಸೆಂದು ಬಿಸಿ ಹೊಗೆ ಅದನ್ನು ಎತ್ತಿ ಎಸೆಯಿತು. ಆಮೇಲೆ ಎಂಜಿನ್ನು ನಿಲ್ಲಿಸಿ, ಕೆಳಗೆ ತೂರಿ, ಉಸಿರಿನ ಕೊಳವೆಗೆ ತಂತಿ ಹಾಕಿ ಕೆದರಿದರು. ಅವರ ಅಂಗೈಗೆ ಕೆಂಪು ಮಣ್ಣಿನ ಹೆಂಟೆಗಳು ಉದುರಿದವು; ಅವುಗಳೊಳಗೆ ಒಣಗಿದ ಪುಟ್ಟ ಜೇಡಗಳು. ಕುಂಬಾರ ಹುಳುವಿನ ಗೂಡು! ಮಳೆಗಾಲದ ಎರಡು ತಿಂಗಳು ಬೇವಿನ ಮರದ ಕೆಳಗೆ ಲಾರಿ ನಿಂತಿದ್ದಾಗ ಯಾವುದೋ ಹುಳು ತನ್ನ ಮರಿಗಳಿಗೆ ಬೆಚ್ಚನೆಯ ಕೊಳವೆ ಕಂಡುಕೊಂಡಿತ್ತು. ಆಮೇಲೆ ಎಣ್ಣೆಯ ಆವಿ ಅದಕ್ಕೆ ಮೆತ್ತಿ ಗಾರೆಯಂತೆ ಗಟ್ಟಿ ಮಾಡಿತ್ತು. ಹೊಸ ಸೀಲುಗಳು ಒಂದೊಂದಾಗಿ ಸೋತದ್ದು ಅದರ ಒತ್ತಡಕ್ಕೆ. ಅಂಗಳದಲ್ಲಿ ಪತ್ರಿಕೆ ಒಣಗಿದ್ದುದೂ ಸುಳ್ಳಲ್ಲ. ಭಾರವಿಲ್ಲದಾಗ ಒತ್ತಡವೂ ಇರಲಿಲ್ಲ. ಕೊಳವೆ ತೆರೆದ ಮೇಲೆ, ಮತ್ತೊಂದು ಸೀಲು ಹಾಕದೆಯೇ, ಎಣ್ಣೆ ನಿಂತಿತು.

ಇಪ್ಪತ್ತೆರಡು ವರ್ಷಗಳ ಮೇಲೆ, 1986ರ ಜನವರಿ 28ರಂದು, ಅಮೆರಿಕದ ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತ ಸುದ್ದಿ ಓದಿದಾಗ ನನಗೆ ಅರಬೈಲು ನೆನಪಾಯಿತು. ಸೋರಿದ್ದು ಕ್ರಿಸ್ಟೆನ್ಸನ್ ಮುದುಕನ ರಬ್ಬರ್ ಬಳೆಯ ವಂಶಕ್ಕೆ ಸೇರಿದ ಒಂದು ದೊಡ್ಡ ಓ-ರಿಂಗ್. ವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಹಿಮದ ನೀರಿನಲ್ಲಿ ಅದ್ದಿ, ಚಳಿಗೆ ಅದು ಸೆಟೆದುಕೊಳ್ಳುವುದನ್ನು ಎಲ್ಲರ ಮುಂದೆ ತೋರಿಸಿದರು. ಆದರೆ ವಿಚಾರಣೆ ರಬ್ಬರಿನಲ್ಲಿಯೇ ನಿಲ್ಲಲಿಲ್ಲ. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಈ ಚಳಿಯಲ್ಲಿ ಹಾರಿಸಬೇಡಿ ಎಂದಿದ್ದರು, ಮೇಲಿನವರು ಕೇಳಲಿಲ್ಲ. ಅಲ್ಲಿಯೂ ಜಾಡು ಹಿಡಿದು ಮೇಲಕ್ಕೆ ಹೋದವರಿಗೆ ಮೂಲ ಸಿಕ್ಕಿದ್ದು ಬೇರೆ ಜಾಗದಲ್ಲಿ.

ನಮ್ಮ ಕಥೆಯ ಉಳಿದ ಭಾಗ ಇಷ್ಟು. ಘಟ್ಟದಿಂದ ಬಂದ ಮರುದಿನವೇ ಕಾಕಾ ಮುರಿದುಕೊಂಡ ಸಂಬಳವನ್ನೂ ಅದರ ಮೇಲಿಷ್ಟು ಹಣವನ್ನೂ ತೆಗೆದುಕೊಂಡು ಹುಡುಗನ ಊರಿಗೆ ಹೊರಟರು, ನನ್ನನ್ನೂ ಕರೆದೊಯ್ದರು. ಹುಡುಗ ಇರಲಿಲ್ಲ. ಬೆಳಗಾವಿಯ ಕಡೆ ಬೇರೆ ಯಾವುದೋ ಲಾರಿ ಹತ್ತಿದ್ದ. ಅವನ ತಾಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಕಾಕಾ ಎಲ್ಲವನ್ನೂ ಹೇಳಿದರು; ಕೊಳವೆ, ಹುಳು, ಸುಣ್ಣ. ಅವಳಿಗೆ ಅದೆಷ್ಟು ಅರ್ಥವಾಯಿತೋ ತಿಳಿಯದು. ದುಡಿದ ಸಂಬಳವನ್ನು ಎಣಿಸಿ ತೆಗೆದುಕೊಂಡು, ಮೇಲಿನ ಹಣವನ್ನು ಮರಳಿ ಕೊಟ್ಟಳು.

"ನನ್ನ ಮುಂದ ಯಾಕ ಹೇಳತೀರಿ ಯಪ್ಪಾ? ಅವ ಕದ್ದಿಲ್ಲ ಅನ್ನೂದು ನನಗ ಗೊತ್ತಿತ್ತು. ನಿಮ್ಮ ಓಣ್ಯಾಗ ಹೇಳ್ರಿ."

ಕಾಕಾ ಬಂದು ಹೇಳಿದರು. ಗ್ಯಾರೇಜಿನಲ್ಲಿ ಹೇಳಿದರು, ಲಾರಿ ಅಡ್ಡೆಯಲ್ಲಿ ಹೇಳಿದರು, ಚಹದಂಗಡಿಯಲ್ಲಿ ಹೇಳಿದರು. ಹುಳುವಿನ ಕಥೆ ಎಲ್ಲರಿಗೂ ಹಿಡಿಸಿತು; ಅದನ್ನು ಹೇಳಿ ಹೇಳಿ ನಕ್ಕರು. ಆದರೆ ಎರಡು ವರ್ಷ ಕಳೆದ ಮೇಲೂ ಯಾರೋ ಒಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, "ಎಣ್ಣಿ ಮಾರತಿದ್ದನಲ್ಲ, ಆ ಹುಡುಗ ಎಲ್ಲಿದ್ದಾನ ಈಗ?" ಎಂದು ಕೇಳಿದರು. ಕಾಕಾ ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದರು.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಆ ಹುಡುಗ ಮತ್ತೆ ಹುಬ್ಬಳ್ಳಿಗೆ ಬಂದುದನ್ನು ನಾನು ಕಾಣಲಿಲ್ಲ. ಓಣಿಯಲ್ಲಿ ಕೂಗಿದವರಲ್ಲಿ ನಾನೂ ಒಬ್ಬನಾದ್ದರಿಂದ, ಹೇಳುವ ಸರದಿ ಈಗ ನನ್ನದು.